ಪೀಠಧರ್ಮ
ಪಕ್ಷನಿಷ್ಠೆಯೂ ದೇಶನಿಷ್ಠೆಯೂ ಪರಸ್ಪರ ವಿರುದ್ಧವಾಗಿ ನಿಂತಾಗ ರಾಜಕಾರಣಿಯ ಸ್ವಧರ್ಮ ಯಾವುದೆಂಬ ಪ್ರಶ್ನೆಗೆ, ಬೇಗೂರು ಸೇರಿದ ಗುಂಡ್ಲುಪೇಟೆ ಸೀಮೆಯವರು ಉತ್ತರವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಗುಂಡ್ಲುಪೇಟೆಯಿಂದ ಏಳು ಬಾರಿ ಆಯ್ಕೆಯಾದ ಕೆ. ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ರಾಜ್ಯ ವಿಧಾನಸಭೆಯ ಪ್ರಥಮ ಮಹಿಳಾ ಅಧ್ಯಕ್ಷರಾಗಿ ಅಲಂಕರಿಸಿದ ಪೀಠವು, ಪಕ್ಷದ ಬಲದಿಂದಲೇ ದೊರೆಯುವುದಾದರೂ, ದೊರೆತ ಕ್ಷಣದಿಂದ ಪಕ್ಷವನ್ನು ಮರೆಯೆಂದು ವಿಧಿಸತಕ್ಕದ್ದು. ಸಂವಿಧಾನದ 189ನೆಯ ಅನುಚ್ಛೇದದಂತೆ ಸಭಾಧ್ಯಕ್ಷರಿಗೆ ಮೊದಲ ಮತವಿಲ್ಲ. ಮತಗಳು ಸಮವಾದಾಗ ಮಾತ್ರ ನಿರ್ಣಾಯಕ ಮತವುಂಟು. 1985ರ ಪಕ್ಷಾಂತರ ನಿಷೇಧ ಶಾಸನವೂ, ಈ ಪೀಠಕ್ಕೆ ಆಯ್ಕೆಯಾದ ಕಾರಣದಿಂದ ಪಕ್ಷವನ್ನು ತ್ಯಜಿಸಿದವರನ್ನು ಅನರ್ಹರೆನ್ನುವುದಿಲ್ಲ. ಫಲಾಪೇಕ್ಷೆಯಿಂದ ಪಕ್ಷ ಬಿಡುವವನೂ ಕರ್ತವ್ಯಕ್ಕಾಗಿ ಬಿಡುವವನೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವುದರಿಂದಲೇ ನಮಗೆ ವಿವೇಕ ಬೇಕು. ಮತಯಾಚಿಸಿ ಬರುವವರನ್ನು, ಪಕ್ಷ ಬಿಟ್ಟಾಗ ತಾವು ಕಳೆದುಕೊಂಡದ್ದೇನೆಂದು ನಮ್ಮ ಮತದಾರ ಬಂಧುಗಳು ತಪ್ಪದೆ ಕೇಳಬೇಕು.