ಹುಟ್ಟಿದವರೂ ಹೊತ್ತವರೂ

ಅಮೆರಿಕೆಯ ಅಜಾಝೆಲ್ ಜೇಕಬ್ಸರು ನಿರ್ದೇಶಿಸಿದ ‘ಹಿಸ್ ತ್ರೀ ಡಾಟರ್ಸ್’ ಎಂಬ 2023ರ ಚಲಚ್ಚಿತ್ರದಲ್ಲಿ, ಮರಣಶಯ್ಯೆಯಲ್ಲಿರುವ ತಂದೆಯ ನ್ಯೂಯಾರ್ಕಿನ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು ಕೂಡುವರು. ಇಬ್ಬರು ಆತನಿಗೆ ಹುಟ್ಟಿದವರು. ಒಬ್ಬಳು ಎರಡನೆಯ ಪತ್ನಿಯೊಡನೆ ಬಂದ ಮಗಳು. ತಂದೆಯ ಬಳಿಯೇ ಇದ್ದು ನೋಡಿಕೊಂಡವಳು ಇವಳು, ಹೊರಗಿನವಳೆನಿಸಿಕೊಂಡವಳೂ ಇವಳೇ.

ಇದು ಪರದೇಶದ ಮಾತೇ? ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿಯೂ ಹೊಲ ಪಾಲಾದ ಮೇಲೆ ಮುಪ್ಪಿನವರನ್ನು ತಿಂಗಳ ಸರದಿಯಲ್ಲಿ ಸಾಗಿಸುವ ಮನೆಗಳುಂಟು. ಉಣಿಸಿ ತೊಳೆಯುವವಳು ಸೊಸೆ. ಕೊನೆಗೆ ಬಂದು ತಪ್ಪೆಣಿಸುವವರು ಒಡಹುಟ್ಟಿದವರು. ತಾಯ್ತಂದೆಗಳ ಪೋಷಣೆಗಾಗಿ ಆದ 2007ರ ಕಾಯಿದೆಯು ಜೀವನಾಂಶವನ್ನು ಕೊಡಿಸೀತು. ಇರುಳಿನಲ್ಲಿ ಮಗ್ಗುಲು ಬದಲಿಸುವ ಕೈಯನ್ನು ಕೊಡಿಸಲಾರದು.

ಶರಣರು ಕುಲವನ್ನು ಹುಟ್ಟಿನಿಂದ ಅಳೆಯದೆ ನಡೆಯಿಂದ ಅಳೆದರು. ಮಕ್ಕಳತನಕ್ಕೂ ಅದೇ ಅಳತೆ. ‘ನಾನೇ ಹೆಚ್ಚು ಮಾಡಿದೆ’ನೆಂಬ ಲೆಕ್ಕ ಹುಟ್ಟಿದೊಡನೆ ದಾಸೋಹವು ವ್ಯಾಪಾರವಾಗುವುದು. ಹೊಗೆಸೊಪ್ಪು ಕೆಡದಿರಲೆಂದು ಬ್ಯಾರನ್ನಿನ ಬೆಂಕಿಗೆ ಹಗಲಿರುಳು ಕಾವಲಿರುವ ರೈತನು ತಾಯಿಯ ಹಾಸಿಗೆಯ ಬಳಿ ಒಂದಿರುಳು ಎಚ್ಚರವಿರಲಾರನೇ? ಆಕೆಯ ಎದೆಯ ಇಷ್ಟಲಿಂಗವು ಉಸಿರಿನೊಡನೆ ಏರಿಳಿಯುವ ತನಕ ಆ ಹಾಸಿಗೆಯೇ ಪೂಜಾಸ್ಥಾನ. ಅಲ್ಲಿ ದಣಿದ ಸೊಸೆಗೆ ಮಗಳ ಸ್ಥಾನವು ಸಲ್ಲಲಿ. ಸರದಿ ಮುಗಿದ ಮಗನು ಏಳದೆ ಕುಳಿತಿರಲಿ.