ರಥದಲ್ಲಿ ಕೂತವನ ಪ್ರಶ್ನೆ

(ಧ್ಯಾನಿಸತಕ್ಕ ಭಾಗಗಳು: ಅಪೊಸ್ತಲರ ಕೃತ್ಯಗಳು 8:26–39, ಯೆಶಾಯ 56:3–5)



ಯೆರೂಸಲೇಮಿನಿಂದ ಗಾಜಕ್ಕೆ ಇಳಿದು ಹೋಗುವ ಅಡವಿಯ ದಾರಿಯಲ್ಲಿ ಐಥಿಯೋಪ್ಯ ದೇಶದ ಅಧಿಕಾರಿಯೊಬ್ಬನು ರಥದಲ್ಲಿ ಕೂತು ಯೆಶಾಯನ ಗ್ರಂಥವನ್ನು ಓದುತ್ತಿದ್ದ ಕಥೆಯನ್ನು ನಮ್ಮ ಭಾನುವಾರದ ಶಾಲೆಯ ಮಕ್ಕಳೂ ಬಲ್ಲರು. ಅವನು ಕಂದಾಕೆ ರಾಣಿಯ ಭಂಡಾರವೆಲ್ಲಾ ಕೈಯಲ್ಲಿದ್ದವನು. ಧನವಂತನು, ಓದು ಬಲ್ಲವನು. ಆದರೆ ಕಂಚುಕಿಯಾಗಿದ್ದನು. ಅಂಗಹೀನನಾದ ಅಂಥವನು ಯೆಹೋವನ ಸಭೆಯಲ್ಲಿ ಸೇರಬಾರದೆಂಬ ವಿಧಿಯು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದ ಆರಂಭದಲ್ಲಿಯೇ ಉಂಟು. ಹಾಗಿದ್ದರೂ ಅವನು ಅಷ್ಟು ದೂರ ಪ್ರಯಾಣಮಾಡಿ ಆರಾಧನೆಗೆ ಬಂದಿದ್ದನು. ದೇವಾಲಯದಲ್ಲಿ ಅವನನ್ನು ಎಲ್ಲಿ ನಿಲ್ಲಿಸಿದರೋ ಸತ್ಯವೇದವು ಹೇಳುವದಿಲ್ಲ. ಹಿಂತಿರುಗುವಾಗ ಅವನು ಗ್ರಂಥವನ್ನು ಓದುತ್ತಿದ್ದನೆಂದು ಮಾತ್ರ ಹೇಳುತ್ತದೆ. ಅವನು ಓದುತ್ತಿದ್ದದ್ದು ಈಗ ನಾವು 53ನೆಯ ಅಧ್ಯಾಯವೆಂದು ಎಣಿಸುವ ಭಾಗವನ್ನು. ಆ ಸುರುಳಿಯನ್ನು ಇನ್ನು ಸ್ವಲ್ಪ ಬಿಚ್ಚಿದ್ದರೆ, ತನ್ನ ಒಡಂಬಡಿಕೆಯನ್ನು ಹಿಡಿದ ಕಂಚುಕಿಗೆ ದೇವರು ತನ್ನ ಮನೆಯ ಗೋಡೆಗಳೊಳಗೆ ಗಂಡು ಹೆಣ್ಣು ಮಕ್ಕಳಿಗಿಂತಲೂ ಉತ್ತಮವಾದ ಹೆಸರನ್ನು ಕೊಡುವೆನೆಂದು ಮಾತುಕೊಟ್ಟ ಭಾಗವು ಅವನ ಕಣ್ಣಿಗೆ ಬೀಳುತ್ತಿತ್ತು. ನೀರು ಕಂಡ ಕೂಡಲೇ ತನಗೆ ದೀಕ್ಷಾಸ್ನಾನವಾಗಲು ಅಡ್ಡಿ ಏನೆಂದು ಅವನು ಕೇಳಿದನು. ಫಿಲಿಪ್ಪನಿಗೆ ಮೋಶೆಯ ವಿಧಿಯು ತಿಳಿಯದ್ದೇನೂ ಅಲ್ಲ. ಆದರೂ ಅವನು ಅದನ್ನು ಎತ್ತದೆ ಆ ಮನುಷ್ಯನ ಸಂಗಡ ನೀರಿಗೆ ಇಳಿದನು.

ಈ ಕಥೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ನಮ್ಮ ಸಭೆಗಳಲ್ಲಿ ಬೆನ್ನ ಹಿಂದೆ ಪಿಸುಗುಟ್ಟುವದಲ್ಲದೆ ಎದುರಿಗೆ ಆಡದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಕೆಲವು ಪುರುಷರ ಮನಸ್ಸು ಪುರುಷರ ಕಡೆಗೂ, ಕೆಲವು ಸ್ತ್ರೀಯರ ಮನಸ್ಸು ಸ್ತ್ರೀಯರ ಕಡೆಗೂ ಎಳೆಯಲ್ಪಡುತ್ತದೆ. ವರ್ತಮಾನಪತ್ರಗಳು ಇದಕ್ಕೆ ಸಲಿಂಗಾಕರ್ಷಣೆ ಎನ್ನುತ್ತವೆ. ಇವರು ಕಂಚುಕಿಗಳಲ್ಲ, ಎರಡನ್ನೂ ಒಂದೇ ಎಂದು ನಾವು ಹೇಳುವದಿಲ್ಲ. ಆದರೆ ಆ ಅಧಿಕಾರಿಯ ಪ್ರಶ್ನೆಯು ಇವರ ಎದೆಯಲ್ಲಿಯೂ ಉಂಟು, ಮತ್ತು ಅದನ್ನು ಕೇಳುವದಕ್ಕೆ ಇವರಿಗೆ ಫಿಲಿಪ್ಪನೊಬ್ಬನು ಸಿಕ್ಕುವದು ಅಪರೂಪ.

ಇದು ಪಟ್ಟಣದವರ ರೋಗ, ಪರದೇಶದಿಂದ ಬಂದದ್ದು ಎಂದು ಕೆಲವರು ಅನ್ನುತ್ತಾರೆ. ಸತ್ಯವೇದವು ಇದನ್ನು ಎತ್ತಿ ಆಡಿರುವದರಿಂದಲೇ ಇದು ನಿನ್ನೆ ಮೊನ್ನೆಯದಲ್ಲವೆಂದು ತಿಳಿಯಬಹುದು. ನಮ್ಮ ದೇಶಕ್ಕೆ ಹೊರಗಿನಿಂದ ಬಂದದ್ದು ಶಿಕ್ಷೆಯ ಕಾಯಿದೆಯೇ. ಇಂಗ್ಲಿಷರ ಸರಕಾರವು 1860ರಲ್ಲಿ ಬರೆದ ದಂಡಸಂಹಿತೆಯ 377ನೆಯ ಕಲಮು ಇಂಥವರಿಗೆ ಜೀವಾವಧಿ ಸೆರೆಯ ತನಕ ಶಿಕ್ಷೆ ಇಟ್ಟಿತ್ತು. 2018ನೆಯ ಸಪ್ಟಂಬರ 6ರಂದು ಸರ್ವೋಚ್ಚ ನ್ಯಾಯಾಲಯದ ಐದು ಮಂದಿ ನ್ಯಾಯಾಧೀಶರು, ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಏಕಾಂತದಲ್ಲಿ ನಡೆದುಕೊಂಡದ್ದು ಅಪರಾಧವಲ್ಲವೆಂದು ತೀರ್ಪುಕೊಟ್ಟರು. 2024ನೆಯ ಜುಲಾಯಿಯಲ್ಲಿ ಜಾರಿಗೆ ಬಂದ ಹೊಸ ನ್ಯಾಯಸಂಹಿತೆಯಲ್ಲಿ ಆ ಕಲಮೇ ಇಲ್ಲ. ಇಂಥ ಇಬ್ಬರ ಮದುವೆಗೆ ಕಾಯಿದೆಯ ಮಾನ್ಯತೆಯನ್ನು ಮಾತ್ರ ಅದೇ ನ್ಯಾಯಾಲಯವು 2023ನೆಯ ಅಕ್ಟೋಬರ 17ರಂದು ಕೊಡಲಿಲ್ಲ. ಇದು ಕೈಸರನ ಅಂಗಳದ ಮಾತು, ಇಷ್ಟು ಸಾಕು.

ಸತ್ಯವೇದದ ಮಾತಿಗೆ ಬರೋಣ. ಸೊದೋಮಿನವರ ಕಥೆಯನ್ನು ಎಲ್ಲರೂ ಮೊದಲು ಎತ್ತುತ್ತಾರೆ. ಆದಿಕಾಂಡ 19ನ್ನು ನಿಧಾನವಾಗಿ ಓದಿರಿ. ಊರಿಗೆ ಬಂದ ಪರದೇಶಿಗಳ ಮೇಲೆ ಬಲಾತ್ಕಾರ ಮಾಡಲು ಊರಿಗೆ ಊರೇ ಬಾಗಿಲು ಮುರಿಯಬಂದ ಕಥೆಯದು. ಆ ಪಟ್ಟಣದ ದೋಷವೇನೆಂದು ಯೆಹೆಜ್ಕೇಲನು 16ನೆಯ ಅಧ್ಯಾಯದ 49ನೆಯ ವಚನದಲ್ಲಿ ಹೇಳುವಾಗ, ಗರ್ವ, ಹೊಟ್ಟೆ ತುಂಬಿದ ಸೊಕ್ಕು, ದೀನದರಿದ್ರರ ಕೈಹಿಡಿಯದ ಕಾಠಿಣ್ಯ ಎಂದು ಹೆಸರಿಸುತ್ತಾನೆ. ಅದರ ಮುಂದೆ ಅವರ ಅಸಹ್ಯಕಾರ್ಯಗಳನ್ನೂ ಸೇರಿಸುತ್ತಾನೆ. ಯಾಜಕಕಾಂಡದ 18 ಮತ್ತು 20ನೆಯ ಅಧ್ಯಾಯಗಳ ನಿಷೇಧವು ಸ್ಪಷ್ಟವಾದದ್ದು. ಅದನ್ನು ಇಲ್ಲವೆನ್ನಲು ನಮಗೆ ಅಧಿಕಾರವಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಮೊದಲನೆಯ ಅಧ್ಯಾಯದಲ್ಲಿಯೂ ಖಂಡನೆಯುಂಟು. ಆದರೆ ಓದುಗರು ಎರಡನೆಯ ಅಧ್ಯಾಯದ ಮೊದಲನೆಯ ವಚನಕ್ಕೆ ಮುಂಚೆ ಪುಸ್ತಕವನ್ನು ಮುಚ್ಚಬಾರದು. ಪರರನ್ನು ಬೆರಳು ಮಾಡಿ ತೋರಿಸುತ್ತಾ ತಲೆದೂಗುತ್ತಿದ್ದವನ ಕಡೆಗೆ ಅಪೊಸ್ತಲನು ಅಲ್ಲಿ ತಟ್ಟನೆ ತಿರುಗುತ್ತಾನೆ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಎರಡು ಗ್ರೀಕ್ ಶಬ್ದಗಳಿವೆ: ಮಲಕೊಯ್, ಅರ್ಸೆನೊಕೊಯ್ತೈ. ಮೊದಲನೆಯದಕ್ಕೆ ಮೆತ್ತಗಿನವರೆಂದು ಅರ್ಥ. ಎರಡನೆಯದು ಪೌಲನಿಗಿಂತ ಮುಂಚಿನ ಬರವಣಿಗೆಯಲ್ಲಿ ಕಾಣಸಿಗದ ಶಬ್ದ. ಲೂಥರನು ತನ್ನ ಜರ್ಮನ್ ಭಾಷಾಂತರದಲ್ಲಿ ಇದಕ್ಕೆ ಬಾಲಕರನ್ನು ಕೆಡಿಸುವವರು ಎಂದು ಹಾಕಿದನು. 1946ರಲ್ಲಿ ಅಮೇರಿಕದಲ್ಲಿ ಅಚ್ಚಾದ ಇಂಗ್ಲಿಷ್ ಭಾಷಾಂತರವು ಎರಡು ಶಬ್ದಗಳನ್ನೂ ಕೂಡಿಸಿ ಸಲಿಂಗಾಕರ್ಷಿತರೆಂಬ ಒಂದೇ ಹೆಸರನ್ನು ಇಟ್ಟಿತು. 1971ರ ಮುದ್ರಣದಲ್ಲಿ ಅದನ್ನು ತಾನೇ ಬದಲಾಯಿಸಿತು. ಪಂಡಿತರು ಇಂದಿಗೂ ವಾದಿಸುತ್ತಿದ್ದಾರೆ, ವಾದಿಸಲಿ. ನಾವು ಹೇಳುವದು ಇಷ್ಟೇ: ಅದೇ ಪಟ್ಟಿಯಲ್ಲಿ ಲೋಭಿಗಳೂ ಕುಡುಕರೂ ಬೈಯುವವರೂ ಇದ್ದಾರೆ. ಲೋಭಿಗಳನ್ನೆಲ್ಲಾ ಹೊರಗೆ ಹಾಕುತ್ತಾ ಬಂದರೆ ಕಾಣಿಕೆಯ ಚೀಲ ಹಿಡಿಯುವದಕ್ಕೆ ಯಾರು ಉಳಿದಾರು! ಇದಲ್ಲದೆ, ಆ ಪಟ್ಟಿಯು ನಡತೆಯನ್ನು ಕುರಿತದ್ದು. ಕರೆಯದೆ ಮನಸ್ಸಿನಲ್ಲಿ ಹುಟ್ಟುವ ಸೆಳೆತಕ್ಕಾಗಿ ಒಬ್ಬನನ್ನು ಸಭೆಯಿಂದ ತೆಗೆಯಬೇಕೆಂದು ಸತ್ಯವೇದದಲ್ಲಿ ಎಲ್ಲಿಯೂ ಬರೆದಿಲ್ಲ.

ಆ ಸೆಳೆತವನ್ನು ಪ್ರಾರ್ಥನೆಯಿಂದಾಗಲಿ ಮದ್ದಿನಿಂದಾಗಲಿ ಬಿಡಿಸಬಹುದೇ ಎಂದು ತಂದೆತಾಯಿಗಳು ನಮ್ಮನ್ನು ಕೇಳುತ್ತಾರೆ. ಲೋಕ ಆರೋಗ್ಯ ಸಂಸ್ಥೆಯವರು 1990ರಲ್ಲಿ ಇದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿದರು. ರೋಗವಲ್ಲದ್ದಕ್ಕೆ ಮದ್ದು ಎಲ್ಲಿಯದು? ನಮ್ಮ ದೇಶದ ವೈದ್ಯಕೀಯ ಆಯೋಗವು 2022ರಲ್ಲಿ, ಇದನ್ನು ಬದಲಾಯಿಸುವೆನೆಂದು ಚಿಕಿತ್ಸೆಮಾಡುವದು ವೈದ್ಯನಿಗೆ ದುರ್ನಡತೆಯೆಂದು ಹೇಳಿತು. ಪ್ರಾರ್ಥನೆಯ ಮಾತಾದರೋ, ಅಮೇರಿಕದಲ್ಲಿ 1976ರಲ್ಲಿ ಎಕ್ಸೋಡಸ್ ಎಂಬ ಕ್ರೈಸ್ತ ಸಂಘವು ಇದಕ್ಕಾಗಿಯೇ ಹುಟ್ಟಿತು. 37 ವರುಷ ಉಪವಾಸ, ಪ್ರಾರ್ಥನೆ, ಬುದ್ಧಿವಾದಗಳನ್ನು ನಡಿಸಿದ ಮೇಲೆ 2013ರಲ್ಲಿ ಅದರ ಅಧ್ಯಕ್ಷನಾದ ಆಲನ್ ಚೇಂಬರ್ಸನು ತಮ್ಮಿಂದ ನೊಂದವರ ಕ್ಷಮೆಯನ್ನು ಕೇಳಿ ಸಂಘವನ್ನು ಮುಚ್ಚಿದನು. ತಾನು ಕಂಡವರಲ್ಲಿ ಹೆಚ್ಚು ಕಡಿಮೆ ಯಾರ ಸೆಳೆತವೂ ತಿರುಗಲಿಲ್ಲವೆಂದು ಅವನು ಮೊದಲೇ ಒಪ್ಪಿಕೊಂಡಿದ್ದನು. ವಿರೋಧಿಗಳಲ್ಲ, ಮಾಡಿ ನೋಡಿದವರೇ ಹೇಳಿದ ಮಾತಿದು.

ಆದರೆ ನಮ್ಮ ಹಳ್ಳಿಗಳಲ್ಲಿ ಪ್ರಾರ್ಥನೆಗಿಂತಲೂ ಹೆಚ್ಚಾಗಿ ನಂಬುವ ಔಷಧವೊಂದುಂಟು, ಅದು ಮದುವೆ. ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಅರ್ಧವನ್ನು ಹಿಡಿದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಉಳಿದರ್ಧವನ್ನು ಮರೆಯುತ್ತಾರೆ. ನಾವು ಬಲ್ಲ ಒಂದು ಹಳ್ಳಿಯಲ್ಲಿ, ನಾವು ಅಲ್ಲಿಗೆ ಹೋಗುವದಕ್ಕಿಂತ ಮುಂಚೆ ನಡೆದ ಸಂಗತಿಯನ್ನು ಕೇಳಿರಿ. ಅಲ್ಲಿ ಒಬ್ಬ ಯೌವನಸ್ಥನಿದ್ದನು. ಕ್ರಿಸ್ಮಸ್ ಗಾಯನಗಳನ್ನು ಮಕ್ಕಳಿಗೆ ಕಲಿಸುತ್ತಿದ್ದವನು ಅವನೇ. ಇಪ್ಪತ್ತೆಂಟು ತುಂಬಿದರೂ ಹೆಣ್ಣು ನೋಡಲು ಒಪ್ಪದೆ, ಕಡೆಗೆ ತಾಯಿಯ ಮುಂದೆ ನಿಜವನ್ನು ಹೇಳಿದನು. ತಾಯಿ ತಂದೆಗೆ ಹೇಳಿದಳು. ತಂದೆ ಸಭೆಯ ಹಿರಿಯರೊಬ್ಬರಿಗೆ ಹೇಳಿದನು. “ಮೂರು ಭಾನುವಾರ ಪ್ರಕಟಣೆ ಓದಿಸಿ ಮದುವೆ ಮಾಡಿಬಿಡಿರಿ, ಒಂದು ಮಗುವಾದರೆ ಎಲ್ಲಾ ಮರೆಯುತ್ತಾನೆ” ಎಂದು ಹಿರಿಯರು ಅಂದರು. ದೂರದ ಸಭೆಯೊಂದರಿಂದ ಹೆಣ್ಣು ತಂದರು. ಅವಳಿಗೆ ಯಾರೂ ಏನೂ ಹೇಳಲಿಲ್ಲ. ಎರಡು ವರುಷ ಅವಳು ದೋಷವು ತನ್ನಲ್ಲಿಯೇ ಉಂಟೆಂದು ನೆನಸಿದಳು; ಅತ್ತೆ ಅವಳನ್ನು ಬಂಜೆಯೆಂದಳು. ಒಂದು ರಾತ್ರಿ ಗಂಡನೇ ಅವಳ ಮುಂದೆ ಅತ್ತು ಎಲ್ಲವನ್ನೂ ಹೇಳಿದನು. ಅವನು ಊರು ಬಿಟ್ಟನು, ಅವಳು ತವರಿಗೆ ಹೋದಳು.

“ಉಪದೇಶಿಯವರೇ, ಮಗನಿಗೆ ಒಳ್ಳೇದನ್ನೇ ಮಾಡಹೋದೆವಲ್ಲ” ಎಂದು ಆ ತಂದೆ ನಮ್ಮ ಸಂಗಡ ಹೇಳಿದನು. ಅವನ ದುಃಖದಲ್ಲಿ ಕಪಟವಿರಲಿಲ್ಲ. ಆದರೂ ಕೇಳಲೇಬೇಕು: ಆ ಹೆಣ್ಣುಮಗಳು ಯಾರ ಮಗಳು? ಕಾಮತಾಪಕ್ಕಿಂತ ಮದುವೆ ಲೇಸೆಂದು ಪೌಲನು ಹೇಳಿದ್ದುಂಟು (1 ಕೊರಿಂಥ 7:9). ಆದರೆ ಮದುವೆಯನ್ನು ಬಯಸುವವರಿಗೆ ಹೇಳಿದ ಮಾತದು. ಒಬ್ಬನ ಮನೆಯ ಬೆಂಕಿಗೆ ಸುರಿಯುವ ಕೊಡದ ನೀರಲ್ಲ ಹೆಂಡತಿ. ಅದೇ ಅಧ್ಯಾಯದ 7ನೆಯ ವಚನದಲ್ಲಿ ಒಬ್ಬೊಬ್ಬನಿಗೆ ದೇವರು ಕೊಟ್ಟ ವರವು ಬೇರೆ ಬೇರೆಯೆಂದಿದೆ. ಅದನ್ನು ಹಿರಿಯರು ಯಾಕೆ ಓದುವದಿಲ್ಲವೋ! ಇಷ್ಟವಿಲ್ಲದವನ ಬಾಯಿಂದ ಯಜ್ಞವೇದಿಯ ಮುಂದೆ ಹೌದೆನ್ನಿಸುವದು ಸುಳ್ಳು ಪ್ರಮಾಣ ಮಾಡಿಸುವದೇ ಆಗಿದೆ, ಮತ್ತು ಅದರಲ್ಲಿ ಪ್ರಕಟಣೆ ಓದಿದ ಸಭೆಯೂ ಪಾಲುಗಾರಳು.

ಹಾಗಾದರೆ ಇಂಥವನು ಹೇಗೆ ಬಾಳಬೇಕು? ಇಲ್ಲಿ ಸಭೆಗಳು ಒಮ್ಮನಸ್ಸಾಗಿಲ್ಲ. ಬ್ರಿಟನ್ನಿನ ಮೆಥೊಡಿಸ್ಟ್ ಸಭೆಯು 2021ರಲ್ಲಿಯೂ ಸ್ಕಾಟ್ಲೆಂಡಿನ ಸಭೆಯು 2022ರಲ್ಲಿಯೂ ಇಂಥ ಇಬ್ಬರ ಮದುವೆಯನ್ನು ನಡಿಸಲು ಒಪ್ಪಿದವು. ಬಹಳ ಸಭೆಗಳು ಒಪ್ಪಿಲ್ಲ. ಮದುವೆಯು ಒಬ್ಬ ಪುರುಷನಿಗೂ ಒಬ್ಬ ಸ್ತ್ರೀಗೂ ಎಂದೇ ನಮಗೆ ಕಲಿಸಿದ್ದಾರೆ. ಒಂಟಿಯಾಗಿ ಬಾಳುವ ವರವನ್ನು ಹೊಂದಿದವರೂ ಇದ್ದಾರೆ. ಆದರೆ ವರವೆಂದರೆ ದೇವರು ಕೊಡುವಂಥದ್ದು, ಅದನ್ನು ಹಿರಿಯರ ಕೂಟದಲ್ಲಿ ಠರಾವುಮಾಡಿ ಹೊರಿಸಲಾಗದು. ಈ ವ್ಯಾಜ್ಯವು ನಮ್ಮ ಕಾಲದಲ್ಲಿ ತೀರುವದೋ ಇಲ್ಲವೋ, ಅದು ತೀರುವ ತನಕ ಕಾಯಲಾರದ ಹುಡುಗರೂ ಹುಡುಗಿಯರೂ ನಮ್ಮ ಬೆಂಚುಗಳಲ್ಲಿ ಕೂತಿದ್ದಾರೆ. ಇಂಥವರಲ್ಲಿ ಕೆಲವರು ಬಾವಿಯನ್ನೂ ಹಗ್ಗವನ್ನೂ ನೆನಸಿಕೊಳ್ಳುತ್ತಾರೆ. ಆದದರಿಂದ ಮಗನಾಗಲಿ ಮಗಳಾಗಲಿ ಬಾಯಿಬಿಟ್ಟು ಹೇಳಿದರೆ, ಹೊಡೆಯಬೇಡಿರಿ, ದೆವ್ವ ಬಿಡಿಸುವವರ ಬಳಿಗೆ ಎಳೆದುಕೊಂಡು ಹೋಗಬೇಡಿರಿ. ಹೇಳಿದ್ದು ಮನೆಯ ಹೊಸ್ತಿಲು ದಾಟದಿರಲಿ. ಜೀವದ ಆಸೆ ಬಿಟ್ಟಂತೆ ಕಂಡರೆ ಸರಕಾರದ ಮನೋಸಹಾಯದ ದೂರವಾಣಿಯುಂಟು, ಸಂಖ್ಯೆ 14416. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಹಿರಿಯರೂ ಉಪದೇಶಿಗಳೂ ಮದುವೆಯ ಪ್ರಕಟಣೆಯನ್ನು ಬರಕೊಳ್ಳುವ ಮುಂಚೆ ಹುಡುಗನನ್ನು ಒಂದು ಕಡೆಯಲ್ಲಿ, ಹುಡುಗಿಯನ್ನು ಇನ್ನೊಂದು ಕಡೆಯಲ್ಲಿ, ತಂದೆತಾಯಿಗಳು ಹತ್ತಿರವಿಲ್ಲದಾಗ, ನಿಮ್ಮ ಮನಸ್ಸು ಉಂಟೋ ಎಂದು ಕೇಳಲಿ. ಇಲ್ಲವೆಂದರೆ ಕಾರಣ ಕೇಳದೆ ಪುಸ್ತಕ ಮುಚ್ಚಲಿ. ನಾವು ಕೆಲವು ವರುಷಗಳಿಂದ ಹೀಗೆಯೇ ಮಾಡುತ್ತಿದ್ದೇವೆ. ಎರಡು ಸಾರಿ ಪುಸ್ತಕ ಮುಚ್ಚಿದ್ದೇವೆ. ಎರಡು ಸಾರಿಯೂ ಬೀಗರಾಗಬೇಕಾದವರಿಂದ ಬೈಗಳು ತಿಂದೆವು.

ತವರಿಗೆ ಹೋದವಳ ಮಾತು ಉಳಿದಿದೆ. ಗಂಡನನ್ನು ಬಿಟ್ಟುಬಂದವಳೆಂದು ಅವಳ ಸಭೆಯ ಸ್ತ್ರೀಯರು ಅವಳನ್ನು ತಮ್ಮ ಬುಧವಾರದ ಕೂಟಕ್ಕೆ ಕರೆಯಲಿಲ್ಲ. ಅವಳು ಈಗ ಅದೇ ಊರಿನ ಅಂಗನವಾಡಿಯಲ್ಲಿ ಕೆಲಸಮಾಡುತ್ತಾಳೆ, ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳುತ್ತಾಳೆ. ಆ ಸಭೆಯ ಸ್ತ್ರೀಯರೂ ಈ ಪತ್ರಿಕೆಯನ್ನು ಓದುತ್ತಾರೆಂದು ನಾವು ಬಲ್ಲೆವು. ಬುಧವಾರದ ಕೂಟ ಇನ್ನೂ ನಡೆಯುತ್ತಿದೆಯಷ್ಟೆ.