ಕೆಟ್ಟುಹೋದ ಯಂತ್ರ ಮತ್ತು ಶ್ರಾವಕನ ಅಧಿಕರಣ ವಿವೇಕ

ಗೃಹಸ್ಥನಾದ ಶ್ರಾವಕನು ಆರಂಭವನ್ನು ಪೂರ್ಣವಾಗಿ ತ್ಯಜಿಸಲಾರನು. ಅಡುಗೆ ಮಾಡುವುದು, ನೆಲ ಗುಡಿಸುವುದು, ನೀರು ತುಂಬುವುದು, ಬಟ್ಟೆ ಒಗೆಯುವುದು ಇವೆಲ್ಲವೂ ಆರಂಭೀ ಹಿಂಸೆಯ ವ್ಯಾಪ್ತಿಗೆ ಬರುತ್ತವೆ. ಸಂಕಲ್ಪೀ ಹಿಂಸೆಯನ್ನು ಸರ್ವಥಾ ಬಿಟ್ಟು, ಉಳಿದುದನ್ನು ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳುವುದೇ ಗೃಹಸ್ಥಧರ್ಮವೆಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆದರೆ ಈ ಆರಂಭಗಳಿಗೆ ಸಾಧನವಾದ ವಸ್ತುವೇ ಕೆಟ್ಟು ನಿಂತಾಗ ಅದನ್ನು ದುರಸ್ತಿ ಮಾಡಿಸಬೇಕೆ, ಅಥವಾ ಬಿಸುಟು ಹೊಸದನ್ನು ತರಬೇಕೆ? ಇದು ಅಂಗಡಿಯವನೂ ಮೆಕ್ಯಾನಿಕ್ಕನೂ ಹೇಳಬೇಕಾದ ಮಾತು, ಧರ್ಮಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು.

ಈಚೆಗೆ ನಮ್ಮ ಮುದ್ದೇಬಿಹಾಳದ ಒಂದು ಶ್ರಾವಕ ಕುಟುಂಬದಲ್ಲಿ ಈ ಪ್ರಶ್ನೆ ಮೂರು ವಾರಗಳ ಕಾಲ ಮನೆಯ ಶಾಂತಿಯನ್ನು ಕದಡಿತು. ಒಂಬತ್ತು ವರ್ಷ ನಡೆದ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನಿನ ಮೋಟಾರು ಸುಟ್ಟಿತ್ತು. ಮೋಟಾರು ಸುತ್ತಿಸಿ, ಟೈಮರ್ ಮತ್ತು ನೀರಿನ ಸೀಲ್ ಬದಲಿಸಲು 2,600 ರೂಪಾಯಿ ಎಂದು ರಿಪೇರಿಯವನು ಹೇಳಿದ. ಹಳೆಯದನ್ನು ಕೊಟ್ಟರೆ 1,500 ರೂಪಾಯಿ ಬಿಟ್ಟುಕೊಡುವುದಾಗಿ ಮಾರಾಟದ ಅಂಗಡಿಯವರು ಹೇಳಿದರು. ಮಗನಿಗೆ 28,000 ರೂಪಾಯಿಯ ಫ್ರಂಟ್ ಲೋಡ್ ಯಂತ್ರದ ಮೇಲೆ ಮನಸ್ಸು. ಪರಿಗ್ರಹ ಪರಿಮಾಣ ವ್ರತ ಹಿಡಿದ ತಂದೆಯವರಿಗೆ ದುರಸ್ತಿಯೇ ಧರ್ಮವೆಂಬ ಹಟ. ಹಿರಿಯರು ನನ್ನಲ್ಲಿಗೆ ಬಂದು, 'ಶಾಸ್ತ್ರ ಏನು ಹೇಳುತ್ತದೆ?' ಎಂದು ಕೇಳಿದರು.

ಶಾಸ್ತ್ರದಲ್ಲಿ ಯಂತ್ರದ ಹೆಸರಿಲ್ಲ. ಯಂತ್ರವು ಸೇರುವ ವರ್ಗದ ಹೆಸರಿದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವವನ್ನು ವಿವರಿಸುವಾಗ ಪೂಜ್ಯ ಉಮಾಸ್ವಾಮಿಗಳು ಅಧಿಕರಣವನ್ನು ಜೀವ, ಅಜೀವ ಎಂದು ಎರಡಾಗಿ ವಿಭಾಗಿಸಿದ್ದಾರೆ. ಜೀವಾಧಿಕರಣದ ಭೇದಗಳು 108. ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನೋವಾಕ್ಕಾಯಗಳಿಂದ, ಕೃತ ಕಾರಿತ ಅನುಮತಗಳಿಂದ, ನಾಲ್ಕು ಕಷಾಯಗಳಿಂದ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಜಪಮಾಲೆಯ ಮಣಿಗಳನ್ನು ಎಣಿಸುವ ನಾವು ಈ ಗುಣಾಕಾರವನ್ನು ಮರೆತೇಬಿಟ್ಟಿದ್ದೇವೆ. ಅಜೀವಾಧಿಕರಣವು ನಿರ್ವರ್ತನಾ, ನಿಕ್ಷೇಪ, ಸಂಯೋಗ, ನಿಸರ್ಗ ಎಂದು ನಾಲ್ಕು ವಿಧ. ಇವುಗಳಲ್ಲಿ ಮೊದಲ ಎರಡು ಪ್ರಸ್ತುತ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ. ನಿರ್ವರ್ತನಾ ಎಂದರೆ ವಸ್ತುವನ್ನು ನಿರ್ಮಿಸುವುದು, ನಿಕ್ಷೇಪವೆಂದರೆ ಅದನ್ನು ಇರಿಸುವುದು. ನೋಡದೆ ಇಡುವುದು, ಸರಿಯಾಗಿ ಶೋಧಿಸದೆ ಇಡುವುದು, ಅವಸರದಿಂದ ಇಡುವುದು, ಉಪಯೋಗವಿಲ್ಲದೆ ಇಡುವುದು ಎಂದು ನಿಕ್ಷೇಪಕ್ಕೆ ನಾಲ್ಕು ದೋಷಗಳನ್ನು ಹೇಳಿದೆ. ಕಮಂಡಲುವನ್ನು ನೆಲಕ್ಕಿಡುವ ಮುನಿಗಳಿಗೆ ಮಾತ್ರ ಇದು ಅನ್ವಯಿಸುತ್ತದೆಂದು ಭಾವಿಸುವುದು ನಮಗೆ ಅನುಕೂಲ. ಮೂವತ್ತು ಕಿಲೋ ತೂಗುವ ಯಂತ್ರವನ್ನು ಬಾಗಿಲಾಚೆ ಇರಿಸುವ ಗೃಹಸ್ಥನಿಗೆ ಅದು ಇನ್ನೂ ಹೆಚ್ಚು ಅನ್ವಯಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಹೊಸ ಯಂತ್ರವನ್ನು ನಾವು ನಿರ್ಮಿಸುವುದಿಲ್ಲ, ನಿಜ; ಆದರೆ ಕೊಳ್ಳುವವನಿಗಾಗಿಯೇ ಅದು ನಿರ್ಮಾಣವಾಗುತ್ತದೆ. ಕೃತ ತಪ್ಪಿದರೂ ಕಾರಿತ ಮತ್ತು ಅನುಮತ ತಪ್ಪುವುದಿಲ್ಲ. ಅದರ ಉಕ್ಕಿನ ಮೂಲ ಕಬ್ಬಿಣದ ಅದಿರು. ನಮ್ಮ ರಾಜ್ಯದಲ್ಲೇ ಅದಿರಿಗಾಗಿ ಸಂಡೂರಿನ ಬೆಟ್ಟಗಳು ಏನಾಗಿವೆಯೆಂಬುದನ್ನು ಬಳ್ಳಾರಿ ದಾರಿಯಲ್ಲಿ ಹೋದವರು ಕಂಡಿದ್ದಾರೆ. ಪೃಥ್ವೀಕಾಯದ ಆ ಹಿಂಸೆಗೆ ಕುಲುಮೆಯ ಅಗ್ನಿಕಾಯ, ವಾಯುಕಾಯಗಳ ಹಿಂಸೆ ಸೇರುತ್ತದೆ. ಇನ್ನು ಹಳೆಯದರ ಗತಿ. ಗುಜರಿಗೆ ಹೋದ ಯಂತ್ರದ ಉಕ್ಕಿನ ಹೊದಿಕೆ ಕರಗಲು ಹೋಗುತ್ತದೆ. ತಾಮ್ರದ ತಂತಿ ಬಿಡಿಸಲು ಬೇಸರವಾದಲ್ಲಿ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಬಯಲಿನಲ್ಲಿ ಸುಡುವ ರೂಢಿ ಇದೆ. ಆ ವಿಷಧೂಮವನ್ನು ಕುಡಿಯುವವರು ಬಡವರ ಮಕ್ಕಳು. ಆ ಬೆಂಕಿಯಲ್ಲಿ ಬೀಳುವ ತ್ರಸಜೀವಿಗಳಿಗೆ ಲೆಕ್ಕವಿಲ್ಲ. ಅಂಗಡಿಯವರು ಬಿಟ್ಟುಕೊಟ್ಟ 1,500 ರೂಪಾಯಿಯೊಂದಿಗೆ ಈ ಭಾರವೂ ಅವರ ಪಾಲಿಗೆ ಹೋಯಿತೆಂದು ತಿಳಿಯುವುದು ಸರಿಯಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇಂತಹ ಯಂತ್ರಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನೋಂದಾಯಿತ ಮರುಬಳಕೆದಾರನಿಗೆ ಇದು ತಲುಪುತ್ತದೆಯೇ ಎಂದು ಮಾರುವವನನ್ನು ಕೇಳುವ ಶ್ರಾವಕರು ಎಷ್ಟು ಮಂದಿ?

ನಾನು ವಾಣಿಜ್ಯ ಓದಿದವನು. ಲೆಕ್ಕದ ಮಾತನ್ನು ಬಿಡಲಾರೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ವರ್ಷಕ್ಕೆ ನೂರಕ್ಕೆ 15ರಂತೆ, ಉಳಿದ ಮೌಲ್ಯದ ಮೇಲೆ, ಸವಕಳಿ ಕಳೆಯುತ್ತೇವೆ. 20,000 ರೂಪಾಯಿಯ ಯಂತ್ರ ಹತ್ತು ವರ್ಷಗಳ ಅನಂತರವೂ ಪುಸ್ತಕದಲ್ಲಿ ಸುಮಾರು 3,900 ರೂಪಾಯಿ ಬಾಳುತ್ತದೆ. ಎಷ್ಟು ಕಾಲ ಕಳೆದರೂ ಸೊನ್ನೆಯಾಗುವುದಿಲ್ಲ. ತೆರಿಗೆಯ ಲೆಕ್ಕಕ್ಕೆ ಇರುವಷ್ಟು ಸಹನೆ ನಮ್ಮ ಮನೆಗಳಿಗೆ ಇಲ್ಲವಾಗಿದೆ. ಹೊಸದರ ಬೆಲೆಯ ಅರ್ಧಕ್ಕಿಂತ ದುರಸ್ತಿ ಹೆಚ್ಚಾದರೆ ಬದಲಿಸು ಎಂಬ ಸೂತ್ರವೊಂದು ಪೇಟೆಯಲ್ಲಿದೆ. ವ್ಯಾಪಾರಕ್ಕೆ ಅದು ಸಾಕು. ಅದರಲ್ಲಿ ಗಣಿಯೂ ಇಲ್ಲ, ಗುಜರಿಯೂ ಇಲ್ಲ.

ದುರಸ್ತಿ ಸಾಧ್ಯವೇ ಎಂಬುದೂ ಯಂತ್ರದ ರಚನೆಯನ್ನು ಅವಲಂಬಿಸಿದೆ. ಸೆಮಿ ಆಟೋಮ್ಯಾಟಿಕ್ ಯಂತ್ರದೊಳಗೆ ಎರಡು ಮೋಟಾರು, ಎರಡು ಟೈಮರು, ಒಂದು ಬೆಲ್ಟು, ಕೆಪಾಸಿಟರು, ಬ್ರೇಕು ಇಷ್ಟೇ. ನಮ್ಮ ತಾಲೂಕು ಪೇಟೆಗಳಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುತ್ತುವ ಕೈಗಳಿಗೆ ಇದೊಂದು ದೊಡ್ಡ ವಿದ್ಯೆಯಲ್ಲ. ಫ್ರಂಟ್ ಲೋಡ್ ಯಂತ್ರಗಳು ಹಾಗಲ್ಲ. ಅನೇಕ ಮಾದರಿಗಳಲ್ಲಿ ಒಳಗಿನ ತೊಟ್ಟಿಯ ಎರಡು ಹೋಳುಗಳನ್ನು ಬಿಚ್ಚಲಾಗದಂತೆ ಬೆಸೆದಿರುತ್ತಾರೆ. ನೂರಾರು ರೂಪಾಯಿಯ ಬೇರಿಂಗ್ ಸವೆದರೆ ಇಡೀ ತೊಟ್ಟಿಯನ್ನೇ ಬದಲಿಸಬೇಕು. ವೋಲ್ಟೇಜ್ ಏರಿಳಿತಕ್ಕೆ ಎಲೆಕ್ಟ್ರಾನಿಕ್ ಬೋರ್ಡು ಸುಟ್ಟರೆ ಅದರ ಬೆಲೆ ಕೇಳಿ ಮನೆಯವರು ಹೊಸ ಯಂತ್ರದ ಕಡೆಗೇ ಹೊರಳುತ್ತಾರೆ. ಯುರೋಪಿನಲ್ಲಿ 2021ರ ಮಾರ್ಚಿನಿಂದ, ಬಟ್ಟೆ ಒಗೆಯುವ ಯಂತ್ರಗಳ ಮುಖ್ಯ ಬಿಡಿಭಾಗಗಳು ಕನಿಷ್ಠ ಹತ್ತು ವರ್ಷ ದೊರೆಯುವಂತಿರಬೇಕೆಂದು ಕಾನೂನು ವಿಧಿಸಿದೆ. ಭಾರತ ಸರ್ಕಾರವು 2022ರ ಜುಲೈಯಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿ, ಅದೇ ವರ್ಷ ಡಿಸೆಂಬರ್ 24ರ ಗ್ರಾಹಕ ದಿನದಂದು ಅದಕ್ಕಾಗಿ ಒಂದು ಅಂತರ್ಜಾಲ ತಾಣವನ್ನು ತೆರೆಯಿತು. ಕೊಳ್ಳುವ ದಿನವೇ, 'ಇದು ಕೆಟ್ಟರೆ ನಮ್ಮ ಊರಿನಲ್ಲಿ ಬಿಚ್ಚುವವರಿದ್ದಾರೆಯೆ?' ಎಂದು ಕೇಳಬೇಕು. ಅಸಮೀಕ್ಷ್ಯಾಧಿಕರಣ, ಅಂದರೆ ಪ್ರಯೋಜನವನ್ನು ಪರಾಮರ್ಶಿಸದೆ ಪ್ರವೃತ್ತನಾಗುವುದು, ಅನರ್ಥದಂಡ ವಿರತಿಗೆ ಅತಿಚಾರವೆಂದು ಆಚಾರ್ಯರು ಎಣಿಸಿರುವುದು ಸುಮ್ಮನೆ ಅಲ್ಲ.

ಹೊಸ ಯಂತ್ರದ ಪಕ್ಷದಲ್ಲಿಯೂ ನ್ಯಾಯವಿದೆ, ಅದನ್ನು ಮರೆಮಾಚಬಾರದು. ಎರಡು ತೊಟ್ಟಿಯ ಹಳೆಯ ಯಂತ್ರ ಒಂದು ಒಗೆತಕ್ಕೆ ಸುಮಾರು 120 ಲೀಟರ್ ನೀರನ್ನು ಕೇಳಿದರೆ ಫ್ರಂಟ್ ಲೋಡ್ ಸುಮಾರು 50 ಲೀಟರಿನಲ್ಲಿ ಮುಗಿಸುತ್ತದೆ. ವರ್ಷಕ್ಕೆ 300 ಒಗೆತ ಹಿಡಿದರೆ 21,000 ಲೀಟರ್ ಅಪ್ಕಾಯದ ರಕ್ಷಣೆ. ಆದರೆ ಅದು ನೀರನ್ನು ಬಿಸಿ ಮಾಡಿ ಒಗೆದರೆ ವಿದ್ಯುತ್ತು ಹೆಚ್ಚು. ನಮ್ಮ ಕಡೆಯ ಬೋರ್‌ವೆಲ್ಲಿನ ಗಡಸು ನೀರಿಗೆ ಅದರ ಹೀಟರಿನ ಮೇಲೆ ಸುಣ್ಣದ ಪದರ ಕೂಡುತ್ತದೆ. ಹಳೆಯ ಯಂತ್ರಕ್ಕೆ ನಾವೇ ನೀರು ಸೋಸಿ ತುಂಬಬಹುದು, ಕೊನೆಯ ಜಾಲಾಡಿದ ನೀರನ್ನು ಮುಂದಿನ ಒಗೆತಕ್ಕೆ ಹಿಡಿದಿಡಬಹುದು. ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಅಷ್ಟರೊಳಗೆ ಎರಡು ತೊಟ್ಟಿಯ ಯಂತ್ರ ಒಂದು ಒಗೆತವನ್ನು ಮುಗಿಸುತ್ತದೆ. ನಲ್ಲಿಯಿಂದ ತಾನೇ ನೀರೆಳೆದುಕೊಳ್ಳುವ ಯಂತ್ರದಲ್ಲಿ ಈ ವಿಧಿಯನ್ನು ಪಾಲಿಸುವುದು ಅಷ್ಟು ಸುಲಭವಲ್ಲ. ಯಾವ ಯಂತ್ರವೇ ಇರಲಿ, ಕೆಲಸ ಮುಗಿದ ಮೇಲೆ ನೀರು ಬಸಿದು, ಮುಚ್ಚಳ ತೆರೆದು ಒಣಗಿಸಬೇಕು. ಜೀವೋತ್ಪತ್ತಿಯೂ ತಪ್ಪುತ್ತದೆ, ತುಕ್ಕೂ ತಪ್ಪುತ್ತದೆ.

ಇಷ್ಟೆಲ್ಲವನ್ನೂ ಹಿರಿಯರಿಗೆ ಹೇಳಿದಾಗ ಅವರ ಮುಖ ಅರಳಿತು. ತಮ್ಮ ಪಕ್ಷವೇ ಗೆದ್ದಿತೆಂದು ತಿಳಿದರು. ಆದರೆ ನಾನು ಅವರ ಮನೆಗೆ ಹೋದ ದಿನ, ಸೊಸೆ ಚಹಾ ತಂದಿಟ್ಟು ವಿನಯದಿಂದಲೇ ಒಂದು ಮಾತು ಹೇಳಿದಳು: 'ಮಾವಾರ, ಮಷೀನು ಕೆಟ್ಟು ಮೂರು ವಾರ ಆತ್ರಿ. ಅರಿವಿ ಏನ್ ಒಗೀಲಾರದ ಬಿಟ್ಟೀವೇನ್ರಿ?' ಆರು ಜನರ ಬಟ್ಟೆ, ಅದರಲ್ಲಿ ಹಾಸಿಗೆ ಹಿಡಿದ ಅಜ್ಜಿಯ ದಿನಕ್ಕೆರಡು ಸಲದ ಬಟ್ಟೆ. ಗಂಡಸರು ಧರ್ಮಚರ್ಚೆ ನಡೆಸುತ್ತಿದ್ದಷ್ಟು ದಿನವೂ ಅವಳು ಒಗೆಯುವ ಕಲ್ಲಿನ ಮುಂದೆ ಬಗ್ಗಿದ್ದಳು. ಅಪರಿಗ್ರಹವನ್ನು ಮಾವನ ಖಾತೆಗೆ ಜಮಾ ಮಾಡಿ, ಅದರ ಶ್ರಮವನ್ನು ಸೊಸೆಯ ಖಾತೆಗೆ ಖರ್ಚು ಹಾಕುವ ಲೆಕ್ಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರನು. ಅತಿಭಾರಾರೋಪಣವು ಅಹಿಂಸಾಣುವ್ರತದ ಅತಿಚಾರ. ಅದನ್ನು ಎತ್ತಿನ ಬಂಡಿಗೆ ಮಾತ್ರ ಹೇಳಿದ್ದೆಂದು ಓದುವವರು ತಮ್ಮ ಮನೆಯ ಹಿತ್ತಿಲನ್ನು ಒಮ್ಮೆ ನೋಡಬೇಕು. ದುರಸ್ತಿಯನ್ನು ಆರಿಸುವವನು ಅದನ್ನು ತಡಮಾಡದೆ ಮಾಡಿಸಬೇಕು. ಅಲ್ಲಿಯವರೆಗೆ ಒಗೆತದಲ್ಲಿ ತಾನೂ ಪಾಲು ತೆಗೆದುಕೊಳ್ಳಬೇಕು.

ಮರುದಿನವೇ ಮೋಟಾರು ಸುತ್ತುವ ಅಂಗಡಿಗೆ ಹೋಯಿತು. ನಾಲ್ಕನೆಯ ದಿನ ಯಂತ್ರ ತಿರುಗಿತು. ಮುಂದೆ ದೊಡ್ಡ ದುರಸ್ತಿ ಬಂದರೆ ಬದಲಿಸುವುದು, ಬದಲಿಸುವ ಮೊದಲು ಹಳೆಯದು ಯಾರ ಕೈಗೆ ಹೋಗುತ್ತದೆಂದು ನಿಶ್ಚಯಿಸುವುದು, ಯಾವ ಕಾಲಕ್ಕೂ ಒಂದಕ್ಕಿಂತ ಹೆಚ್ಚು ಯಂತ್ರ ಇರಿಸಿಕೊಳ್ಳದಿರುವುದು ಎಂದು ಹಿರಿಯರು ತಮ್ಮ ಪರಿಮಾಣದ ಪಟ್ಟಿಯಲ್ಲಿ ಬರೆದಿರಿಸಿದರು. ಪರಿಮಾಣವನ್ನು ಹೀಗೆ ಮೊದಲೇ ಗೊತ್ತುಪಡಿಸಬೇಕು. ಯಂತ್ರ ಕೆಟ್ಟ ದಿನ, ಅಂಗಡಿಯ ದೀಪದ ಬೆಳಕಿನಲ್ಲಿ, ಅದು ಆಗುವ ಕೆಲಸವಲ್ಲ.

'ಒಂದಕ್ಕಿಂತ ಹೆಚ್ಚಿಲ್ಲ' ಎಂಬ ಮಾತಿಗೆ ಕಾರಣವಿದೆ. ನಮ್ಮಲ್ಲಿ ಕೆಲವರು ಏನನ್ನೂ ಬಿಸುಡುವುದಿಲ್ಲವೆಂದು ಹೆಮ್ಮೆಪಡುತ್ತಾರೆ. ಅವರ ಮಾಳಿಗೆಯ ಮೇಲೆ ಸತ್ತ ಫ್ರಿಜ್ಜು, ಮಿಕ್ಸರು, ಎರಡು ಟಿ.ವಿ.ಗಳು ಮಳೆಗೆ ನೆನೆಯುತ್ತ ಸೊಳ್ಳೆಗಳಿಗೆ ಮನೆಯಾಗಿರುತ್ತವೆ. ಉಮಾಸ್ವಾಮಿಗಳು ಪರಿಗ್ರಹಕ್ಕೆ ಕೊಟ್ಟ ಲಕ್ಷಣ ಮೂರ್ಛೆ. ಹೊಸದರ ಮೇಲಿನ ಮೂರ್ಛೆಗೆ ಜಾಹೀರಾತು ಕಾರಣ. ಹಳೆಯದರ ಮೇಲಿನ ಮೂರ್ಛೆಗೆ ಜಾಹೀರಾತಿನ ನೆರವೂ ಬೇಕಿಲ್ಲ.

ಕೊನೆಗೆ ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ಒಂದು ಅರಿಕೆ. ಮನೆಗೆ ಬೇಡವಾದ ಯಂತ್ರವನ್ನು ಯಾತ್ರಿನಿವಾಸಕ್ಕೋ ವಿದ್ಯಾರ್ಥಿನಿಲಯಕ್ಕೋ ಕೊಟ್ಟು, ಫಲಕದಲ್ಲಿ ಹೆಸರು ಬರೆಸಿಕೊಳ್ಳುವ ರೂಢಿ ಬೆಳೆಯುತ್ತಿದೆ. ದಾನದ ವಿಶೇಷವು ವಿಧಿ, ದ್ರವ್ಯ, ದಾತೃ, ಪಾತ್ರಗಳಿಂದ ಎಂದು ಶಾಸ್ತ್ರವು ಹೇಳುವಾಗ, ತಿರುಗದ ಮೋಟಾರು ಯಾವ ದ್ರವ್ಯ? ಗುಜರಿಗೆ ಕಳಿಸಲು ಸಂಕೋಚಪಟ್ಟದ್ದನ್ನು ಬಸದಿಗೆ ಕಳಿಸುವುದು ದಾನವಲ್ಲ, ಅದು ನಿಕ್ಷೇಪವೇ. ಯಂತ್ರ ಕೊಡುವವರು ಅದನ್ನು ದುರಸ್ತಿ ಮಾಡಿಸಿಯೇ ಕೊಡಲಿ, ರಿಪೇರಿಯವನ ಚೀಟಿಯನ್ನೂ ಜೊತೆಗೆ ಕೊಡಲಿ. ಮಂಡಳಿಯವರು ರಸೀದಿ ಹರಿಯುವ ಮೊದಲು ದಾತೃವಿನ ಎದುರಿಗೇ ಪ್ಲಗ್ ಹಾಕಿ, ಎರಡು ಪಂಚೆ ಒಗೆದು ನೋಡಲಿ.